20 ಕೋಟಿ ಡಾಲರ್ ಬಂದರೂ ಸೋಲು ಯಾಕೆ?

ಹಾಲಿವುಡ್‌ನ ಸೂಪರ್‌ಹೀರೋ ಚಿತ್ರ ‘ದಿ ಮಾರ್ವೆಲ್ಸ್’ (2023) ಗಳಿಕೆ 20 ಕೋಟಿ ಡಾಲರ್ ದಾಟಿದರೂ ಸೋತಿತು ಅಂತಾರಲ್ಲ, ಹೇಗೆ ಎಂದು ಕೇಳಿದ್ದೀರಿ. ಆ ಅಂಕಿ ಗ್ರಾಸ್, ಅಂದರೆ ಟಿಕೆಟ್ ಕೌಂಟರಿನ ದುಡ್ಡು. ನಮ್ಮ ದಾವಣಗೆರೆಯಲ್ಲೇ ಲೆಕ್ಕ ಹಾಕಿ ನೋಡಿ: ₹200ರ ಟಿಕೆಟ್‌ನಲ್ಲಿ 18% ಜಿಎಸ್‌ಟಿ ಕಳೆದರೆ ಉಳಿಯೋದು ಸುಮಾರು ₹169. ಮೊದಲ ವಾರ ಚಿತ್ರಮಂದಿರದ ಜೊತೆ ಅರ್ಧ ಪಾಲು ಅಂತಿಟ್ಟುಕೊಂಡರೂ ವಿತರಕರಿಗೆ ₹85ರ ಆಸುಪಾಸು, ಆಮೇಲೆ ವಾರವಾರಕ್ಕೂ ಇಳಿಯುತ್ತೆ. ಅಮೆರಿಕದಲ್ಲೂ ಸ್ಟುಡಿಯೋಗೆ ಹೆಚ್ಚುಕಮ್ಮಿ ಅರ್ಧ, ಚೀನಾದಲ್ಲಿ ಕಾಲು ಭಾಗವಷ್ಟೇ. ಇತ್ತ ನಿರ್ಮಾಣದ ಖರ್ಚೇ 20 ಕೋಟಿ ಡಾಲರ್ ಮೀರಿತ್ತು, ಪ್ರಚಾರ ಬೇರೆ. ಗ್ರಾಸ್ ಬಜೆಟ್‌ನ ಎರಡೂವರೆ ಪಟ್ಟಾದರೂ ಆಗಬೇಕು ಅನ್ನೋ ಅಂದಾಜು ಹುಟ್ಟಿದ್ದೇ ಹೀಗೆ.

ಮೊದಲ ದಿನದ ಪೋಸ್ಟರ್ ಅಂಕಿ ನಂಬಬೇಡಿ, ಎರಡನೇ ವಾರಾಂತ್ಯ ನೋಡಿ. ಅಮೆರಿಕದಲ್ಲಿ ಈ ಚಿತ್ರದ ಗಳಿಕೆ ಮೊದಲ ವಾರಾಂತ್ಯಕ್ಕಿಂತ 78% ಕುಸಿಯಿತು. ಅಭಿಮಾನಿಗಳು ನೋಡಿಯಾದ ಮೇಲೆ ಉಳಿದವರು ಬರಲೇ ಇಲ್ಲ.