ಕೆರೆ ಯೋಜನೆಯ ಲಾಭ–ವೆಚ್ಚ ಅನುಪಾತ ಹೊಂದದಿದ್ದರೆ ಡಿಸ್ಕೌಂಟ್ ದರವನ್ನು ಇಳಿಸಬಹುದೇ?

ಸರ್ಕಾರಿ ಹಣದಲ್ಲಿ ಕೆಲವು ಕೆರೆಗಳ ಹೂಳೆತ್ತುವ ಯೋಜನೆಗೆ ಲಾಭ–ವೆಚ್ಚದ ಲೆಕ್ಕ ಹಾಕುತ್ತಿದ್ದೀರಿ, ಡಿಸ್ಕೌಂಟ್ ದರವನ್ನು (ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ವಾರ್ಷಿಕ ದರ) ಶೇ 10ಕ್ಕಿಂತ ಕೆಳಗಿಳಿಸಿದರೆ ಅನುಪಾತ, ಅಂದರೆ ಲಾಭವನ್ನು ವೆಚ್ಚದಿಂದ ಭಾಗಿಸಿದ ಅಂಕಿ, ಬೇಕಾದ ಮಿತಿ ಮುಟ್ಟುತ್ತದೆ ಎಂದಿದ್ದೀರಿ. ಕೋಲಾರ ಜಿಲ್ಲೆಯ ಇಂಥದೇ ಒಂದು ಕೆರೆ ಸರಣಿಯ ಯೋಜನಾ ವರದಿ ಬರೆದ ತಂಡದಲ್ಲಿ ನಾನಿದ್ದೆ. ನಾವೂ ದರದ ಬಗ್ಗೆಯೇ ವಾರಗಟ್ಟಲೆ ವಾದಿಸಿದೆವು. ವರದಿ ಬಿದ್ದುಹೋದದ್ದು ಬೇರೆಯೇ ಕಾರಣಕ್ಕೆ.

ನಮ್ಮ ಲಾಭದ ಪಟ್ಟಿಯಲ್ಲಿ ಅಚ್ಚುಕಟ್ಟಿನ (ಕೆರೆ ನೀರು ಹಾಯುವ ಜಮೀನಿನ) ಹೆಚ್ಚುವರಿ ಬೆಳೆ, ಹೊಲಕ್ಕೆ ಹೊಡೆದ ಗೋಡಿನಿಂದ (ಕೆರೆಯ ಹೂಳುಮಣ್ಣಿನಿಂದ) ಉಳಿಯುವ ಗೊಬ್ಬರದ ಖರ್ಚು, ಮೀನಿನ ಹರಾಜು ಇವೆಲ್ಲ ಇದ್ದವು. ಕೊನೆಯ ಸಾಲಿನಲ್ಲಿ ಅಚ್ಚುಕಟ್ಟಿನ ಜಮೀನಿನ ಬೆಲೆಯೇರಿಕೆಯೂ ಇತ್ತು. ಪರಿಶೀಲನೆಗೆ ಕುಳಿತ ಅಧಿಕಾರಿಯೊಬ್ಬರು ಪೆನ್ಸಿಲಿನಿಂದ ಆ ಸಾಲನ್ನು ಹೊಡೆದುಹಾಕಿ, ಮತ್ತೆ ಕೂಡಿ ಎಂದರು. ಎಕರೆಗೆ ವರ್ಷಕ್ಕೆ 20,000 ರೂಪಾಯಿ ಹೆಚ್ಚು ನಿವ್ವಳ ಆದಾಯ ಬರುತ್ತದೆ, ಅದು ನಿಲ್ಲದೆ ಬರುತ್ತಲೇ ಇರುತ್ತದೆ ಎಂದಿಟ್ಟುಕೊಳ್ಳಿ: ಶೇ 10ರ ದರದಲ್ಲಿ ಅದರ ಇಂದಿನ ಮೌಲ್ಯ 2 ಲಕ್ಷ. ಆ ಜಮೀನನ್ನು ಕೊಳ್ಳುವವನು 2 ಲಕ್ಷ ಹೆಚ್ಚು ಕೊಡಲು ಒಪ್ಪುವುದು ಈ ಆದಾಯವನ್ನು ಕಂಡೇ ಹೊರತು ಬೇರೇನನ್ನೂ ಕಂಡಲ್ಲ. ಬೆಳೆಯನ್ನೂ ಬೆಲೆಯನ್ನೂ ಒಟ್ಟಿಗೆ ಬರೆದ ನಾವು ಒಂದೇ ನೀರನ್ನು ಎರಡು ಸಲ ಮಾರಿದ್ದೆವು. ಅಷ್ಟೇ ಅಲ್ಲ, ಆ ಬೆಲೆಯೇರಿಕೆಯಲ್ಲಿ ಒಂದು ಪಾಲು ಕೆರೆಯದ್ದೇ ಅಲ್ಲ, ಹತ್ತಿರದ ಹೆದ್ದಾರಿಯದ್ದು. ಸಾಲು ಹೋದ ಮೇಲೆ, ನೀರಾವರಿ ಯೋಜನೆಗಳಿಗೆ ಸಾಮಾನ್ಯವಾಗಿ ಕೇಳುವ 1.5ರ ಅನುಪಾತವಿರಲಿ, ಬರಪೀಡಿತ ಪ್ರದೇಶಕ್ಕೆ ಸಡಿಲಿಸಿದ 1ರ ಮಿತಿಯನ್ನೂ ಮುಟ್ಟಲಾಗಲಿಲ್ಲ. ಎಲ್ಲ ಕೆರೆಗಳನ್ನೂ ಒಂದೇ ಲೆಕ್ಕದಲ್ಲಿ ಕಟ್ಟಿದ್ದರಿಂದ, ತಾವಾಗಿಯೇ ಪಾರಾಗುತ್ತಿದ್ದ ಎರಡು ಸಣ್ಣ ಕೆರೆಗಳೂ ದೊಡ್ಡದರ ಜೊತೆ ಪಟ್ಟಿಯಿಂದ ಹೊರಬಿದ್ದವು. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಎನ್ನುತ್ತೇನೆ. 30 ವರ್ಷದ ಬಳಿಕ ಬರುವ 100 ರೂಪಾಯಿ ಶೇ 10ರ ದರದಲ್ಲಿ ಇಂದು 6 ರೂಪಾಯಿಯೂ ಆಗುವುದಿಲ್ಲ, ಶೇ 3ರಲ್ಲಿ 41 ಆಗುತ್ತದೆ. ಕಾಡು ಬೆಳೆಸುವ ಯೋಜನೆಗೆ ಇದು ಜೀವನ್ಮರಣದ ಮಾತು. ಕೆರೆಯಾದರೋ ಮೊದಲ ಒಳ್ಳೆಯ ಮಳೆಗೇ ಫಲ ಕೊಡಲು ತೊಡಗುತ್ತದೆ. ಇಲ್ಲಿ ದರ ಇಳಿಸಿ ಮಾತ್ರ ಪಾಸಾಗುವ ಯೋಜನೆಯ ಬೇರೆ ಅಂಕಿಗಳನ್ನೇ ನಾನು ಅನುಮಾನಿಸುತ್ತೇನೆ.

ಮೊದಲು ಕೋಡಿಯನ್ನು ನೋಡಿ. ಕೋಲಾರದ ಕೆರೆಗಳು ಸರಪಳಿಯಂತಿವೆ: ಮೇಲಿನದರ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಮೇಲಿನ ಕೆರೆಯನ್ನು ಆಳ ಮಾಡಿದರೆ, ಸಾಧಾರಣ ಮಳೆಯ ವರ್ಷದಲ್ಲಿ ಕೋಡಿಯೇ ಬೀಳದೆ ಕೆಳಗಿನ ಊರಿನ ತೂಬು ಒಣಗಬಹುದು. ಆ ನಷ್ಟ ನಿಮ್ಮ ವೆಚ್ಚದ ಕಾಲಂನಲ್ಲಿರಬೇಕು. ಅಮೆರಿಕದ 1936ರ ಪ್ರವಾಹ ನಿಯಂತ್ರಣ ಕಾಯ್ದೆಯು ಲಾಭ ಯಾರಿಗೇ ಸೇರಲಿ, ವೆಚ್ಚಕ್ಕಿಂತ ಹೆಚ್ಚಿದ್ದರೆ ಸರಿ ಎಂಬ ತತ್ವವನ್ನು ಶಾಸನದಲ್ಲೇ ಬರೆಯಿತು. ಒಟ್ಟು ಮೊತ್ತಕ್ಕೆ ಅದು ಸಾಕು, ಕೆಳಗಿನ ಊರಿಗೆ ಸಾಲದು. ಯಾವ ಊರಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಪ್ರತ್ಯೇಕ ಪುಟದಲ್ಲಿ ಬರೆಯಿರಿ. ಕೆರೆಯಂಗಳದಲ್ಲಿ ಕುರಿ ಮೇಯಿಸುವವರಿಗೂ ಅಲ್ಲಿ ಒಂದು ಸಾಲಿರಲಿ.

ಅಂತರ್ಜಲದ ಏರಿಕೆಯ ಅಂಕಿಯನ್ನು ಕೆ.ಸಿ. ವ್ಯಾಲಿ ಯೋಜನೆಯಿಂದ ಎತ್ತಿಕೊಳ್ಳಬೇಡಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರ್‌ವರೆಗೆ ಪಂಪು ಮಾಡಿ ಕೋಲಾರದ ಕಡೆಯ ಕೆರೆಗಳಿಗೆ ತುಂಬಿಸಲೆಂದು ರೂಪಿಸಿದ, 2018ರಲ್ಲಿ ನೀರು ಹರಿಸತೊಡಗಿದ ವ್ಯವಸ್ಥೆ ಅದು. ನಿಮ್ಮವು ಮಳೆ ನಂಬಿದ ಕೆರೆಗಳು. ಕೊನೆಗೆ, ಯೋಜನೆಯ ಆಯುಸ್ಸು 25 ವರ್ಷ ಎಂದು ಬರೆಯುವುದಾದರೆ, ಜಲಾನಯನ ಪ್ರದೇಶದಿಂದ ಕೊಚ್ಚಿಬರುವ ಮಣ್ಣನ್ನು ತಡೆಯುವ ಕೆಲಸಕ್ಕೋ, ನಡುವೆ ಮತ್ತೊಮ್ಮೆ ಹೂಳೆತ್ತುವುದಕ್ಕೋ ಹಣ ಇಡಿ. ನಿಮ್ಮ ಅನುಪಾತ ಇನ್ನೂ ಇಳಿಯಬಹುದು. ಇಳಿದರೂ 1 ದಾಟುವ ಕೆರೆಗಳನ್ನಷ್ಟೇ ಬೇರೆ ಬೇರೆ ವರದಿಗಳಾಗಿ ಕಳುಹಿಸಿ.