ಕ್ಯಾತಿಟರ್ ಹಾಕಿದ ಮೂರನೇ ದಿನದ ಪಿಎಸ್‌ಎ

ಪ್ರಶ್ನೆ: ನನಗೆ 64 ವರ್ಷ, ಅಡಿಕೆ ಬೆಳೆಗಾರ. ನೆಗಡಿಗೆಂದು ಮಾತ್ರೆ ನುಂಗಿದ ರಾತ್ರಿಯೇ ಮೂತ್ರ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿ, ಮೂರನೇ ದಿನ ರಕ್ತ ತೆಗೆದರು. ಪ್ರಾಸ್ಟೇಟ್‌ಗೆ ಸಂಬಂಧಿಸಿದ ಪಿಎಸ್‌ಎ ರಕ್ತಪರೀಕ್ಷೆ 7.8 ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ಗಾತ್ರ 62 ಮಿ.ಲೀ. ಈಗ ಕ್ಯಾತಿಟರ್ ತೆಗೆದಿದ್ದಾರೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್, ಡ್ಯುಟಾಸ್ಟರೈಡ್ ಮಾತ್ರೆ ಕೊಟ್ಟಿದ್ದಾರೆ. ಇದು ಕ್ಯಾನ್ಸರೇ? ಮಗ ಈ ವಾರವೇ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ಪರೀಕ್ಷೆ) ಮಾಡಿಸೋಣ ಎನ್ನುತ್ತಿದ್ದಾನೆ.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ 7.8 ನೋಡಿ ನಿದ್ದೆಗೆಡಬೇಡಿ. ಮೂತ್ರ ಕಟ್ಟಿದ್ದು, ಕ್ಯಾತಿಟರ್ ತೂರಿಸಿದ್ದು, ಜೊತೆಗೆ ಸೋಂಕೂ ಇದ್ದಿದ್ದರೆ ಅದು, ಇವೆಲ್ಲವೂ ಪಿಎಸ್‌ಎ ಏರಿಸುತ್ತವೆ. ಅಂಥ ಹೊತ್ತಿನಲ್ಲಿ ಈ ಪರೀಕ್ಷೆ ಮಾಡಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಮಂದಿಯೆಲ್ಲ ಸುಮ್ಮನೆ ಕಂಗಾಲಾಗುತ್ತಾರೆ. ಸುಮಾರು ಆರು ವಾರ ಬಿಟ್ಟು, ಮೂತ್ರದಲ್ಲಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ರಕ್ತ ಕೊಡಿ. ಅದಕ್ಕೆ ಮುಂಚಿನ ಎರಡು ದಿನ ದಾಂಪತ್ಯ ಸಂಪರ್ಕ ಬೇಡ.

ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಪ್ರೋಟೀನ್. ಕ್ಯಾನ್ಸರಿನ ಸ್ವಂತ ಗುರುತಲ್ಲ. ಗ್ರಂಥಿ ದೊಡ್ಡದಾದಷ್ಟೂ ರಕ್ತಕ್ಕೆ ಸೇರುವುದೂ ಹೆಚ್ಚು. ನಿಮ್ಮ 7.8ನ್ನು 62ರಿಂದ ಭಾಗಿಸಿದರೆ 0.13ರ ಆಸುಪಾಸು ಬರುತ್ತದೆ. ಈ ಲೆಕ್ಕ 0.15ಕ್ಕಿಂತ ಕೆಳಗಿದ್ದರೆ ಗಂಭೀರ ಕ್ಯಾನ್ಸರಿನ ಸಾಧ್ಯತೆ ಕಡಿಮೆ. ಇಲ್ಲವೇ ಇಲ್ಲ ಎನ್ನಲಾಗದು. ಆದ್ದರಿಂದ ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ಪರೀಕ್ಷೆಯನ್ನು ಸಂಕೋಚಪಟ್ಟು ತಪ್ಪಿಸಬೇಡಿ. ಗಟ್ಟಿ ಗಂಟು ಸಿಕ್ಕರೆ ಆರು ವಾರ ಕಾಯುವ ಮಾತೇ ಇಲ್ಲ. ಮರುಪರೀಕ್ಷೆಯಲ್ಲೂ ಪಿಎಸ್‌ಎ ಇಳಿಯದಿದ್ದರೆ ಎಂಆರ್‌ಐ ಮಾಡಿಸಿ, ಆಮೇಲೆ ಬಯಾಪ್ಸಿಯ ವಿಚಾರ. ಮಗನಿಗೆ ಇದನ್ನು ಓದಲು ಕೊಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಟ್ಯಾಮ್ಸುಲೋಸಿನ್ ಪಿಎಸ್‌ಎಯನ್ನು ಮುಟ್ಟುವುದಿಲ್ಲ. ಆದರೆ ಡ್ಯುಟಾಸ್ಟರೈಡ್ ಆರು ತಿಂಗಳಲ್ಲಿ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಮುಂದಿನ ವರ್ಷ 3.5 ಬಂದರೆ ಅದನ್ನು 7 ಎಂದೇ ಓದಬೇಕು. ಹೊಸ ವೈದ್ಯರಿಗೆ ಈ ಮಾತ್ರೆಯ ವಿಷಯ ತಿಳಿಯದಿದ್ದರೆ ಅಪಾಯ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದ್ದಾರೆಯೇ? ನೀವು ಬರೆದಿಲ್ಲ. ಮೂತ್ರ ಕಟ್ಟಿದವರ ಮೂತ್ರಪಿಂಡ ಹೇಗಿದೆಯೆಂದು ತಿಳಿಯಲು ಅದು ಬೇಕೇ ಬೇಕು.

ಮಲೆನಾಡಿನ ಮಳೆಗಾಲದಲ್ಲಿ ನೆಗಡಿ ತಪ್ಪದು. ಆದರೆ ಮೂಗು ಕಟ್ಟಿದ್ದನ್ನು ಬಿಡಿಸುವ, ಮಂಪರು ತರಿಸುವ ಶೀತದ ಮಾತ್ರೆಗಳು ನಿಮ್ಮಂಥವರಿಗೆ ಮೂತ್ರ ಕಟ್ಟಿಸಬಹುದು. ಔಷಧ ಅಂಗಡಿಯಲ್ಲಿ ಮೊದಲೇ ಪ್ರಾಸ್ಟೇಟ್ ತೊಂದರೆ ಇದೆಯೆಂದು ತಿಳಿಸಿ. ಟ್ಯಾಮ್ಸುಲೋಸಿನ್ ನುಂಗಿದವರಿಗೆ ತಟ್ಟನೆ ಎದ್ದರೆ ತಲೆ ಸುತ್ತಬಹುದು. ಅದನ್ನು ರಾತ್ರಿ ಊಟದ ನಂತರ ತೆಗೆದುಕೊಂಡು, ಬೆಳಿಗ್ಗೆ ಹಾಸಿಗೆಯಲ್ಲೇ ಸ್ವಲ್ಪ ಕುಳಿತು ಏಳಿ.