ಸಂತೋಷದ ಒಂದು ದಿನವೂ ನೆನಪಿಗೆ ಬರುವುದಿಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಕಳೆದ ಮಳೆಗಾಲದಿಂದ ಮನಸ್ಸಿಗೆ ಎಂತದೂ ಬೇಡ. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಶಾಲೆಗೆ ಹೋಗುತ್ತೇನೆ, ಬರುತ್ತೇನೆ, ಮಕ್ಕಳ ಊಟದ ಲೆಕ್ಕ ಬರೆದಿಡುತ್ತೇನೆ, ಅಷ್ಟೆ. ಮೊನ್ನೆ ತಮ್ಮ ಬಂದಿದ್ದ. “1992ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಗೆ ಹೋದದ್ದು ನೆನಪುಂಟಾ ಅಕ್ಕಾ? ಆ ರಶ್ಶಿನಲ್ಲಿ ನನ್ನನ್ನು ಸೊಂಟದಿಂದ ಇಳಿಸಲೇ ಇಲ್ಲ ನೀನು” ಎಂದ. ನನಗೆ ‘ಮಧೂರಿಗೆ ಹೋಗುತ್ತಿದ್ದೆವು’ ಎಂಬಷ್ಟೇ ಬಂತು. ಮಗಳು ಹುಟ್ಟಿದ ದಿನ, ಕೆಲಸ ಸಿಕ್ಕಿದ ದಿನ, ಯಾವುದನ್ನು ಹುಡುಕಿದರೂ ಹೀಗೆಯೇ. ಅಪ್ಪನಿಗೆ ಎದುರು ಮಾತಾಡಿದ್ದು, ಪರೀಕ್ಷೆಯಲ್ಲಿ ಫೇಲಾದದ್ದು ಮಾತ್ರ ಕರೆಯದೆ ಬರುತ್ತವೆ. ಮೊನ್ನೆ ಸೋಮವಾರ ಮೂರನೇ ಕ್ಲಾಸಿನ ಒಬ್ಬಳು ನನ್ನ ಸೆರಗಿಗೆ ಅಂಟಿದ್ದ ಸೀಮೆಸುಣ್ಣವನ್ನು ತನ್ನ ಕೈಯಿಂದ ಒರೆಸಿ ಓಡಿಹೋದಳು. ಅದಕ್ಕೂ ಎಂತದೂ ಅನಿಸಲಿಲ್ಲ. ಅತ್ತೆಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು, ನೋಡಿಕೊಂಡವಳು ನಾನೇ. ಖಿನ್ನತೆಯಲ್ಲಿ ಮೆದುಳು ಸಣ್ಣದಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಸ್ಕ್ಯಾನ್ ಮಾಡಿಸಬೇಕಾ? ಅಥವಾ ನಾನು ಸಂತೋಷದಲ್ಲಿ ಇದ್ದದ್ದೇ ಸುಳ್ಳಾ? ಹೀಗೆ ಬದುಕಿ ಎಂತ ಪ್ರಯೋಜನ ಅನಿಸುತ್ತದೆ.
– ಹೆಸರು ಬೇಡ, ಬದಿಯಡ್ಕ

ಉತ್ತರ: ಟೀಚರ್, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಸಂಚಿಕೆ ಕೈಸೇರುವವರೆಗೆ ಕಾಯಬಾರದೆಂದು ಸಂಪಾದಕರ ಮೂಲಕ ನಿಮಗೆ ಬೇರೆಯಾಗಿಯೂ ಬರೆದಿದ್ದೇನೆ. ಬದುಕುವುದು ಬೇಡ ಎನ್ನುವ ಯೋಚನೆ ಬಲವಾಗಿ ಬಂದ ಗಳಿಗೆಯಲ್ಲಿ ಒಬ್ಬರೇ ಇರಬೇಡಿ. ತಮ್ಮನಿಗೆ ಫೋನ್ ಮಾಡಿ, ಇಲ್ಲವೇ 14416ಕ್ಕೆ. ಅದು ಟೆಲಿ ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬೇಕೆಂದು ಕೇಳಬಹುದು. ಕೇರಳ ಸರಕಾರದ ಆರೋಗ್ಯ ಸಹಾಯವಾಣಿ ದಿಶಾದ ಸಂಖ್ಯೆ 1056 ಕೂಡ ಉಂಟು.

ಇನ್ನು ನೆನಪಿನ ವಿಷಯ. ನಿಮ್ಮ ಕಾಗದವನ್ನು ಓದುವಾಗ ನನಗೆ ಮರೆವಿನ ಕಾಯಿಲೆಯ ಗುರುತು ಕಾಣಲಿಲ್ಲ. ಆ ಕಾಯಿಲೆಯವರಲ್ಲಿ ಬಹಳ ಮಂದಿಗೆ ತಾವು ಮರೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ, ಮನೆಯವರು ದೂರು ತರುತ್ತಾರೆ. ಬೆಳಗ್ಗೆ ತಿಂದದ್ದು ಮರೆಯುತ್ತದೆ, ನಡೆದು ಅಭ್ಯಾಸವಾದ ದಾರಿ ತಪ್ಪುತ್ತದೆ. ನೀವು ಊಟದ ಲೆಕ್ಕ ಬರೆದಿಡುತ್ತಿದ್ದೀರಿ. ಅತ್ತೆಯ ಕಾಯಿಲೆ ರಕ್ತಸಂಬಂಧದಿಂದ ನಿಮಗೆ ಬರುವಂಥದ್ದೂ ಅಲ್ಲ. ಆದರೆ ಅವರನ್ನು ವರ್ಷಗಟ್ಟಲೆ ನೋಡಿಕೊಂಡ ದಣಿವು ನಿಮ್ಮ ಈಗಿನ ಖಿನ್ನತೆಯಲ್ಲಿ ಪಾಲು ಪಡೆದಿರಬಹುದು. ಅದನ್ನು ಯಾರೂ ಕೇಳಿಲ್ಲ ಎಂದು ನನಗೆ ತೋರುತ್ತದೆ.

ನಿಮಗೆ ಆಗುತ್ತಿರುವುದನ್ನು 1986ರಲ್ಲೇ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂಗ್ಲೆಂಡಿನಲ್ಲಿ ಗುರುತಿಸಿದ್ದರು. ಪ್ರಾಣ ಕಳೆದುಕೊಳ್ಳಲು ಹೊರಟು ಆಸ್ಪತ್ರೆ ಸೇರಿದ್ದವರಿಗೆ ಒಂದೊಂದು ಪದ ಕೊಟ್ಟು, ಅದಕ್ಕೆ ಸಂಬಂಧಿಸಿದ ಒಂದು ಘಟನೆ ಹೇಳಿ ಎಂದು ಕೇಳಿದರು. ‘ಸಂತೋಷ’ದಂಥ ಪದಗಳಿಗೆ, ಹೋಲಿಕೆಗೆಂದು ಕೇಳಿದ ಉಳಿದವರು ಒಂದು ನಿರ್ದಿಷ್ಟ ದಿನವನ್ನು ಹೇಳಿದರೆ, ಇವರ ಬಾಯಲ್ಲಿ ‘ಆಗೆಲ್ಲ ಹೋಗುತ್ತಿದ್ದೆ, ಬರುತ್ತಿದ್ದೆ’ ಎಂಬ ಒಟ್ಟಾರೆ ಮಾತೇ ಹೆಚ್ಚು ಬಂತು. ಆಮೇಲೆ ಖಿನ್ನತೆಯವರಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ‘ಮಧೂರಿಗೆ ಹೋಗುತ್ತಿದ್ದೆವು’ ಎಂದಿರಲ್ಲ, ಸರಿಯಾಗಿ ಅದೇ.

ಹೀಗೇಕೆ? ಒಂದು ದಿನವನ್ನು ನೆನಪಿಗೆ ತರಲು ಮೆದುಳಿಗೆ ಸಾಕಷ್ಟು ಕೆಲಸ ಉಂಟು. ‘ದೇವಸ್ಥಾನಕ್ಕೆ ಹೋಗುವುದು’ ಎಂಬ ಹೊರರೂಪದಿಂದ ಹೊರಟು, ಯಾವ ವರ್ಷ, ಯಾರ ಜೊತೆ ಎಂದು ಸೋಸುತ್ತ ಆ ಒಂದು ಮಧ್ಯಾಹ್ನಕ್ಕೆ ಇಳಿಯಬೇಕು. ಹುಡುಕಾಟ ನಡೆಸುವುದು ಹಣೆಯ ಹಿಂದಿನ ಭಾಗ. ಜಾಗ, ಜನ, ಹೊತ್ತು ಮೂರನ್ನೂ ಒಟ್ಟಿಗೆ ಕೂಡಿಸಿ ಕೊಡುವುದು ಮೆದುಳಿನೊಳಗಿನ ಹಿಪೊಕ್ಯಾಂಪಸ್ ಎಂಬ ಭಾಗ. ಅದಕ್ಕೆ ಭಾವನೆಯ ತೂಕ ಕೊಡುವ ಕೆಲಸದಲ್ಲಿ ಪಕ್ಕದ ಅಮಿಗ್ಡಲ ಸೇರುತ್ತದೆ. ಖಿನ್ನತೆಯಲ್ಲಿ ಹುಡುಕುವ ಶಕ್ತಿಯೇ ಬಡವಾಗಿರುತ್ತದೆ. ಅದರ ಮೇಲೆ, ‘ಸಂತೋಷ’ ಎಂದು ಹುಡುಕ ಹೊರಟ ಮನಸ್ಸು ದಾರಿಯಲ್ಲೇ ‘ನನಗೆಲ್ಲಿಯ ಸಂತೋಷ’ ಎಂಬ ಹಳೆಯ ಕೊರಗಿಗೆ ಸಿಕ್ಕಿಬಿದ್ದು ಅಲ್ಲೇ ಸುತ್ತತೊಡಗುತ್ತದೆ. ಬೇಸರದಲ್ಲಿ ಬೇಸರದ್ದೇ ಸುಲಭವಾಗಿ ಕೈಗೆ ಸಿಗುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಅಪ್ಪನ ಜೊತೆಗಿನ ಜಗಳ ಕರೆಯದೆ ಬರುವುದು ಅದಕ್ಕೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ನೀವು ಸಂತೋಷದಲ್ಲಿ ಇದ್ದದ್ದು ನಿಜ. ನಿಮ್ಮ ತಮ್ಮ ಅದಕ್ಕೆ ಸಾಕ್ಷಿ. ಈ ತಿಂಗಳು ನೆನಪಿಗೆ ಬಂದಷ್ಟನ್ನೇ ಇಟ್ಟುಕೊಂಡು 46 ವರ್ಷದ ಬದುಕಿಗೆ ತೀರ್ಪು ಕೊಡಬೇಡಿ, ದಮ್ಮಯ್ಯ.

ಮೆದುಳು ಸಣ್ಣದಾಗುವ ಸುದ್ದಿ ಪೂರ್ತಿ ಸುಳ್ಳಲ್ಲ. ಹಲವು ದೇಶಗಳ ಸಾವಿರಾರು ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ದೊಡ್ಡ ಅಧ್ಯಯನದಲ್ಲಿ ಖಿನ್ನತೆಯವರ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ಸ್ವಲ್ಪ ಕಿರಿದಾಗಿತ್ತು, ಮುಖ್ಯವಾಗಿ ಖಿನ್ನತೆ ಮರಳಿ ಮರಳಿ ಬಂದವರಲ್ಲಿ. ಆ ವ್ಯತ್ಯಾಸ ಗುಂಪಿನದ್ದು, ಬಹಳ ಸಣ್ಣದು. ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಖಿನ್ನತೆ ಉಂಟು, ಇಲ್ಲ ಎಂದು ಯಾರೂ ಹೇಳಲಾರರು. ನೀವು ಹೇಳಿದಷ್ಟರಿಂದ ಸ್ಕ್ಯಾನಿಗೆ ದುಡ್ಡು ಹಾಕುವ ಕಾರಣ ನನಗೆ ಕಾಣುವುದಿಲ್ಲ. ಅದರ ಬದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ನನಗೆ ಬಹಳ ಭರವಸೆ ಕೊಟ್ಟ ಕೆಲಸ ಇನ್ನೊಂದು. ಅಮೆರಿಕದಲ್ಲಿ ಕಿಂಬರ್ಲಿ ಯಂಗ್ ಮತ್ತು ಸಂಗಡಿಗರು ಖಿನ್ನತೆಯವರನ್ನು ಸ್ಕ್ಯಾನರಿನೊಳಗೆ ಮಲಗಿಸಿ, ತಮ್ಮ ಬದುಕಿನ ಒಳ್ಳೆಯ ದಿನವೊಂದನ್ನು ನೆನೆಯುವಂತೆ ಹೇಳಿ, ಆ ಹೊತ್ತಿನ ಅಮಿಗ್ಡಲದ ಚಟುವಟಿಕೆಯನ್ನು ಅವರಿಗೇ ತೆರೆಯ ಮೇಲೆ ತೋರಿಸಿದರು. ಅದನ್ನು ಏರಿಸಲು ಕಲಿತವರಲ್ಲಿ ಖಿನ್ನತೆ ಇಳಿಯಿತು. ಬೇರೊಂದು ಭಾಗದ ಮೇಲೆ ಅಭ್ಯಾಸ ಮಾಡಿದವರಲ್ಲಿ ಅಷ್ಟು ಇಳಿಯಲಿಲ್ಲ. ಇದು 2017ರಲ್ಲಿ ಪ್ರಕಟವಾಯಿತು. ನಮ್ಮ ಊರ ಆಸ್ಪತ್ರೆಗಳಲ್ಲಿ ಸಿಗುವ ಚಿಕಿತ್ಸೆ ಅಲ್ಲ. ಆದರೆ ಯಂತ್ರವಿಲ್ಲದ ಅಭ್ಯಾಸವೂ ಉಂಟು. ಬೆಲ್ಜಿಯಮಿನ ಒಂದು ಸಣ್ಣ ಗುಂಪಿನಲ್ಲಿ ವಾರಕ್ಕೊಂದರಂತೆ ನಾಲ್ಕು ತರಗತಿ ನಡೆಸಿ, ಪ್ರತಿಯೊಂದು ನೆನಪನ್ನೂ ಒಂದೇ ದಿನಕ್ಕೆ ಇಳಿಸುವುದನ್ನು ಕಲಿಸಿದರು. ನೆನಪು ನಿಚ್ಚಳವಾಯಿತು, ಕೊರಗು ತಗ್ಗಿತು ಎಂದು 2009ರಲ್ಲಿ ಬರೆದರು.

ನೀವೂ ಸಣ್ಣದರಿಂದ ಶುರು ಮಾಡಿ. ಮಗಳು ಹುಟ್ಟಿದ ದಿನಕ್ಕೆ ಈಗಲೇ ಹೋಗಬೇಡಿ, ಸಿಗದಿದ್ದರೆ ದುಃಖ ಹೆಚ್ಚುತ್ತದೆ. ನಿಮ್ಮ ಕಾಗದದಲ್ಲೇ ಒಂದು ಉಂಟಲ್ಲ: ಸೋಮವಾರ, ಮೂರನೇ ಕ್ಲಾಸು, ಸೆರಗು, ಸೀಮೆಸುಣ್ಣ, ಒರೆಸಿ ಓಡಿದ ಹುಡುಗಿ. ಎಂತದೂ ಅನಿಸಲಿಲ್ಲ ಎಂದಿರಿ. ಅನಿಸದಿದ್ದರೂ ಮೆದುಳು ಅದನ್ನು ಪೂರ್ತಿಯಾಗಿ ತೆಗೆದಿಟ್ಟಿದೆ. ದಿನಕ್ಕೊಂದು ಇಂಥದ್ದನ್ನು ಬರೆಯಿರಿ. ‘ಯಾವಾಗಲೂ’, ‘ಎಂದಿಗೂ’ ಬೇಡ, ಯಾವ ವಾರ, ಯಾವ ಜಾಗ, ಯಾರಿದ್ದರು ಎಂಬುದು ಬೇಕು. ತಮ್ಮ ಬಂದಾಗ ಮಧೂರಿನ ಆ ದಿನವನ್ನು ಅವನೇ ಹೇಳಲಿ, ನೀವು ಕೇಳಿಸಿಕೊಂಡರೆ ಸಾಕು.

ಬರವಣಿಗೆಯೊಂದರಿಂದಲೇ ಇದು ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಇಷ್ಟು ತಿಂಗಳ ನಿದ್ದೆಗೇಡು, ಊಟ ಸೇರದಿರುವುದು, ಬದುಕು ಬೇಡವೆನಿಸುವುದು ಒಟ್ಟಿಗೆ ಇರುವಾಗ ಮನೋವೈದ್ಯರನ್ನು ಕಾಣಲೇಬೇಕು. ಮಾತ್ರೆ ಕೊಟ್ಟರೆ ಹೆದರಬೇಡಿ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ, ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ನಾವಾಗಿ ಥಟ್ಟನೆ ನಿಲ್ಲಿಸಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಮ್ಮ ಹತ್ತಿರದ ಸರಕಾರಿ ಆಸ್ಪತ್ರೆಗೆ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿ.

ಗಡಿನಾಡಿನವನಾಗಿ ಇದೊಂದನ್ನು ಒತ್ತಿ ಹೇಳಬೇಕು. ನಮ್ಮವರು ಅನೇಕರು ಡಾಕ್ಟರ ಮುಂದೆ ತಿಳಿದಷ್ಟು ಮಲೆಯಾಳದಲ್ಲಿ ‘ಉರಕ್ಕಂ ಇಲ್ಲ’ (ನಿದ್ದೆ ಇಲ್ಲ) ಎಂದಷ್ಟೇ ಹೇಳಿ ಚೀಟಿ ಹಿಡಿದು ಹೊರಬರುತ್ತಾರೆ. ಎರಡು ಭಾಷೆ ಬಲ್ಲವರಿಗೆ, ಘಟನೆ ನಡೆದಾಗ ಆಡಿದ ಭಾಷೆಯಲ್ಲೇ ಕೇಳಿದರೆ ಆ ನೆನಪು ಹೆಚ್ಚು ಸುಲಭವಾಗಿ ಬರುತ್ತದೆ ಎಂದು ರಷ್ಯನ್ ಮತ್ತು ಇಂಗ್ಲಿಷ್ ಬಲ್ಲವರಲ್ಲಿ 2000ದಲ್ಲೇ ತೋರಿಸಿದ್ದಾರೆ. ಕನ್ನಡ ಬಲ್ಲವರು ಬೇಕು ಎಂದು ಕೇಳುವುದು ನಿಮ್ಮ ಹಕ್ಕು. ಅಂಥವರು ಸಿಗದ ದಿನವಾದರೆ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ, ನನಗೆ ಬರೆದ ಈ ಕಾಗದದ ಪ್ರತಿಯನ್ನೂ ಕೊಂಡುಹೋಗಿ. ಕೊನೆಯ ಸಾಲನ್ನು ಮಾತ್ರ ಬಿಡದೆ ಹೇಳಿ.